ಹೊಳೆ ಹತ್ರದ ಹಳೇ ಗರಡಿ ಮನೆ: ನಾಲ್ಕು ತಿಂಗಳು ಹೋಗಿದೀನಿ, ಐದಕ್ಕೆ ನಾಲ್ಕು ಕೊಡ್ತೀನಿ

ಜಿಮ್ಮಲ್ಲಿ ಎರಡು ವರ್ಷ ಕಬ್ಬಿಣ ಎತ್ತಿದ್ದೆ, ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಬರೋ ಕೋಟೆ ಮಾರಿಕಾಂಬ ಜಾತ್ರೇಲಿ ಒಂದು ಕುಸ್ತಿ ಆಡೇ ಬಿಡೋಣ ಅಂತ ಧೈರ್ಯ ಮಾಡಿ ಇಲ್ಲಿಗೆ ಬಂದೆ. ಮೊದಲನೇ ದಿನ ಎದುರಿಗೆ ಬಿಟ್ಟಿದ್ದು ಹತ್ತನೇ ಕ್ಲಾಸ್ ಹುಡುಗನ್ನ, ನನಗಿಂತ ಹದಿನೈದು ಕೆಜಿ ಕಮ್ಮಿ ಇದ್ದ, ಎರಡು ನಿಮಿಷಕ್ಕೆ ನನ್ ಉಸಿರು ಬಾಯಿಗೆ ಬಂತು, ಕಾಲಿಗೆ ನುಗ್ಗಿ ಎತ್ತಿ ಹಾಕ್ದ ನೋಡಿ, ಜಂಬ ಎಲ್ಲ ಮಟ್ಟಿ (ಕುಸ್ತಿ ಆಡೋ ಕೆಮ್ಮಣ್ಣಿನ ಅಂಕಣ) ಪಾಲು.

ಬೆಳಗ್ಗೆ ಐದೂವರೆಗೆ ಶುರು. ಮೊದಲು ಗುದ್ದಲಿ ತಗೊಂಡು ಮಟ್ಟಿ ಅಗೀಬೇಕು. ದುಡ್ಡು ಕೊಟ್ಟು ಕೂಲಿ ಮಾಡೋದಾ ಅಂತ ಗೊಣಗಿದ್ದೆ, ಆದ್ರೆ ಹದಿನೈದು ದಿನಕ್ಕೆ ಮುಂಗೈ ಹಿಡಿತ ಬಂತು, ಸೊಂಟನೂ ಗಟ್ಟಿ ಆಯ್ತು. ಆಮೇಲೆ ದಂಡ, ಬಸ್ಕಿ, ಉಸಿರಿನ ಲಯ ತಪ್ಪಿದ್ರೆ ಉಸ್ತಾದ್ರು ಮತ್ತೆ ಒಂದರಿಂದ ಎಣಿಸ್ತಾರೆ. ಕಾಲು ಬಳಸದೆ ಹಗ್ಗ ಹತ್ತೋದು, ಜೋಡಿನ ಹೆಗಲ ಮೇಲೆ ಹೊತ್ಕೊಂಡು ಸುತ್ತು ಹಾಕೋದು ಇದೆ.

ನಂಗೆ ಅತಿ ಕಷ್ಟ ಅನ್ಸಿದ್ದು ಕತ್ತಿನ ಬ್ರಿಡ್ಜು. ಅಂಗಾತ ಮಲಗಿ ಪಾದ ಊರಿ ಸೊಂಟ ಎತ್ತಿ ನೆತ್ತಿ ಮೇಲೆ ಭಾರ ತರ್ಬೇಕು, ಮೊದಲ ತಿಂಗಳು ಕೈ ಊರ್ಕೊಂಡೇ ಮಾಡಿಸಿದ್ರು, ಅವಸರ ಮಾಡಿದ್ರೆ ಬೈತಾರೆ. ಎರಡೂ ಭುಜ ನೆಲಕ್ಕೆ ಮುಟ್ಟಿದ್ರೆ ಚಿತ್, ಅಂದ್ರೆ ಸೋತ ಹಾಗೆ, ಆ ಹೊತ್ತಲ್ಲಿ ಕಾಪಾಡೋದು ಇದೊಂದೇ.

ಚುರುಕಿಗೆ ಸೀಟಿ ಡ್ರಿಲ್ ಇದೆ. ಬಗ್ಗಿ ನಿಂತು ಅತ್ತಿತ್ತ ಹೆಜ್ಜೆ ಹಾಕ್ತಾ ಇರ್ಬೇಕು, ಸೀಟಿ ಊದಿದ ತಕ್ಷಣ ಕಾಲು ಹಿಂದಕ್ಕೆ ಎಸೆದು ಹೊಟ್ಟೆ ಮೇಲೆ ಬಿದ್ದು ಎದ್ದು ನಿಂತ್ಕೊಬೇಕು. ಫ್ರೀಸ್ಟೈಲ್ ಕುಸ್ತಿಲಿ 3 ನಿಮಿಷದ ಎರಡು ಸುತ್ತು, ಮಧ್ಯೆ 30 ಸೆಕೆಂಡ್ ಬಿಡುವು ಅಲ್ವಾ, ಇಲ್ಲೂ ಗಡಿಯಾರ ಹಾಗೇ ಇಟ್ಟು ಓಡಿಸ್ತಾರೆ. ಜಿಮ್ಮಲ್ಲಿ ಫೋನ್ ನೋಡ್ಕೊಂಡು ಐದು ನಿಮಿಷ ರೆಸ್ಟ್ ತಗೋತಿದ್ದೆ, ನಾಚಿಕೆ ಆಗುತ್ತೆ.

ಇನ್ನು ಬೈಗುಳ. ಮಳೆಗಾಲದಲ್ಲಿ ಕೆಮ್ಮಣ್ಣು ತೇವ ಹಿಡಿದು ಮುದ್ದೆ ಆಗುತ್ತೆ, ಎಣ್ಣೆ ಅರಿಶಿನ ಎಷ್ಟು ಹಾಕಿದ್ರೂ ಅಷ್ಟೇ, ಆಗ ಒಳಗಿನ ಮ್ಯಾಟೇ ಗತಿ. ಮ್ಯಾಟ್ ಮೇಲಿನ ಕುಸ್ತಿ ವೃತ್ತ 9 ಮೀಟರ್ ಅಗಲ ಇರ್ಬೇಕು, ಇಲ್ಲಿ ಅದ್ರ ಅರ್ಧನೂ ಇಲ್ಲ, ನಾನು ಎರಡು ಸಲ ಭುಜನ ಗೋಡೆಗೆ ಬಡ್ಕೊಂಡಿದೀನಿ. ಹೊದಿಕೆ ಹರಿದ ಜಾಗದಲ್ಲಿ ಕಾಲ್ಬೆರಳು ಸಿಕ್ಕೊಂಡು ಉಗುರು ಕಿತ್ತು ಬಂತು. ಮ್ಯಾಟ್ ದಿನಾ ಔಷಧಿ ಹಾಕಿ ಒರೆಸಲ್ಲ, ಮೊಣಕೈಗೆ ಹುಳಕಡ್ಡಿ ಎದ್ದು ಎರಡು ವಾರ ಮನೇಲಿ ಕೂತಿದ್ದೆ, ಹೇಳಿದ್ರೆ ‘ಬೇವು ಹಚ್ಚು’ ಅಂದ್ರು, ಡಾಕ್ಟ್ರ ಹತ್ರ ಹೋಗಿ ಮುಲಾಮು ತಂದೆ.

ಹೋಗೋರು ಉಗುರು ಕತ್ತರಿಸ್ಕೊಂಡು ಹೋಗಿ. ಉಸ್ತಾದ್ರು ಬಾಗಿಲಲ್ಲೇ ಕೈ ಹಿಡಿದು ನೋಡ್ತಾರೆ, ನನ್ನನ್ನ ಒಂದ್ಸಲ ಮನೆಗೆ ವಾಪಸ್ ಕಳಿಸಿದ್ದಾರೆ.