ಒಂದೇ ಕೊಲಾಜು, ಮೂರು ತಂತ್ರಾಂಶ

ಅಜ್ಜಿಯ ಮದುವೆಯ ಕಪ್ಪು-ಬಿಳುಪು ಫೋಟೊ, ಅವರ ಇಳಕಲ್ ಸೀರೆಯ ಕೆಂಪು ಸೆರಗು ಮತ್ತು ನಮ್ಮ ಅಂಗಳದ ಚುಕ್ಕಿ ರಂಗೋಲಿ, ಈ ಮೂರು ಚಿತ್ರಗಳಿಂದ ಒಂದೇ ಕೊಲಾಜನ್ನು ಸ್ನ್ಯಾಪ್‌ಸೀಡ್, ಫೋಟೊಪಿಯಾ ಮತ್ತು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಬೇರೆಬೇರೆಯಾಗಿ ಕಟ್ಟಿ ನೋಡಿದೆ. ಮೂರನ್ನೂ ಹಣ ತೆರದೆ ಬಳಸಬಹುದು. ಮನಸ್ಸು ಬದಲಾದಾಗ ಹಿಂದಿನ ಒಂದು ಹೆಜ್ಜೆಯನ್ನಷ್ಟೇ ತಿದ್ದಿ ಉಳಿದದ್ದನ್ನು ಹಾಗೆಯೇ ಇರಿಸಿಕೊಳ್ಳಲು ಎಷ್ಟು ಅವಕಾಶವಿದೆ ಎಂಬುದೇ ನನ್ನ ಮುಖ್ಯ ಪ್ರಶ್ನೆಯಾಗಿತ್ತು, ಏಕೆಂದರೆ ಆಟವೆನ್ನುವುದು ಅಲ್ಲಿಯೇ ಇದೆ.

ಸ್ನ್ಯಾಪ್‌ಸೀಡ್ ಫೋನಿನಲ್ಲಿ ಬೆರಳಿನಿಂದಲೇ ನಡೆಯುತ್ತದೆ. ಅದರ ಒಂದರ ಮೇಲೊಂದು ಚಿತ್ರವನ್ನು ಬೆರೆಸುವ ‘ಡಬಲ್ ಎಕ್ಸ್‌ಪೋಷರ್’ನಲ್ಲಿ ಫೋಟೊದ ಮೇಲೆ ಸೆರಗನ್ನಿಟ್ಟು ಎರಡರಲ್ಲಿ ಹೆಚ್ಚು ತಿಳಿಯಾದ ಬಣ್ಣವನ್ನು ಉಳಿಸುವ ‘ಲೈಟನ್’ ಆರಿಸಿದಾಗ, ಸೆರಗಿನ ತೋಪು ತೆನೆ ಎಂಬ ಬಿಳಿಯ ಚಿತ್ತಾರಗಳು ಅಜ್ಜಿಯ ಕಪ್ಪು ಕೂದಲಿನ ಮೇಲೆ ಹೂ ಮುಡಿದಂತೆ ಎದ್ದು ನಿಂತವು. ಯೋಚಿಸಿ ಮಾಡಿದ್ದರೆ ಅದು ನನಗೆ ಹೊಳೆಯುತ್ತಲೇ ಇರಲಿಲ್ಲ. ಆದರೆ ಸೇರಿಸಿದ ಚಿತ್ರ ಇಲ್ಲಿ ಬೇರೆ ಹಾಳೆಯಂತೆ ಪ್ರತ್ಯೇಕ ಪದರವಾಗಿ (ಲೇಯರ್) ಉಳಿಯುವುದಿಲ್ಲವಾದ್ದರಿಂದ, ಮೂರನೆಯದನ್ನು ಹಾಕಿದ ಮೇಲೆ ಎರಡನೆಯದನ್ನು ಒಂದಿಷ್ಟು ಪಕ್ಕಕ್ಕೆ ಸರಿಸುವುದು ಪದರಗಳಿರುವ ತಂತ್ರಾಂಶದಲ್ಲಿದ್ದಷ್ಟು ಸುಲಭವಲ್ಲ.

ಇವಾನ್ ಕುಟ್ಸ್ಕಿರ್ ಎಂಬ ಪ್ರೋಗ್ರಾಮರ್ 2013ರಲ್ಲಿ ಹೊರತಂದ ಫೋಟೊಪಿಯಾ ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತದೆ. ಚಿತ್ರವನ್ನು ನಮ್ಮ ಕಂಪ್ಯೂಟರಿನಲ್ಲಿಯೇ ಸಂಸ್ಕರಿಸುತ್ತದೆಯೇ ಹೊರತು ಬೇರೆಲ್ಲಿಗೋ ಕಳುಹಿಸುವುದಿಲ್ಲ. ಮನೆಯವರ ಫೋಟೊಗಳ ವಿಷಯದಲ್ಲಿ ಇದು ನನಗೆ ದೊಡ್ಡ ಸಮಾಧಾನ. ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ. ರಂಗೋಲಿಯ ಪದರವನ್ನು ‘ಸ್ಕ್ರೀನ್’ ಎಂಬ ಬೆರಕೆಯ ವಿಧಾನಕ್ಕೆ ಬದಲಿಸಿದರೆ, ಕಪ್ಪು ಬಣ್ಣ ಕೆಳಗಿನ ಚಿತ್ರವನ್ನು ಮುಟ್ಟದೆ ಬಿಡುವುದರಿಂದ, ಸಾರಿಸಿದ ಕಪ್ಪು ನೆಲ ಬಹುಪಾಲು ಕರಗಿ ಬಿಳಿಯ ಎಳೆಗಳಷ್ಟೇ ತೇಲುತ್ತವೆ. ಅದೇ ಪದರಕ್ಕೆ, ಇದಕ್ಕೆ ವಿರುದ್ಧವಾಗಿ ಬಿಳಿಯನ್ನು ಕರಗಿಸುವ ‘ಮಲ್ಟಿಪ್ಲೈ’ ಕೊಟ್ಟರೆ ಎಳೆಗಳು ಮಾಯವಾಗಿ ನೆಲದ ಒರಟುತನ ಮಾತ್ರ ಅಜ್ಜಿಯ ಮುಖದ ಮೇಲೆ ಹಳೆಯ ಗೋಡೆಯಂತೆ ಕೂರುತ್ತದೆ. ಸೆರಗನ್ನು ಅಳಿಸುವ ಬದಲು ಪದರದ ಯಾವ ಭಾಗ ಕಾಣಬೇಕೆಂದು ತೀರ್ಮಾನಿಸುವ ಲೇಯರ್ ಮಾಸ್ಕ್‌ನಲ್ಲಿ ಕಪ್ಪು ಬಳಿದು ಮರೆಮಾಡಿದ್ದರಿಂದ, ಮರುದಿನ ಬಿಳಿ ಬಳಿದು ಅದರ ಅಂಚನ್ನು ಹಿಂದಕ್ಕೆ ಪಡೆದೆ.

ಗಿಂಪ್ 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಮುಕ್ತ ತಂತ್ರಾಂಶ. ಅದರಲ್ಲಿಯೂ ಪದರ, ಮಾಸ್ಕ್ ಎಲ್ಲವೂ ಇವೆ, 2025ರ 3.0 ಆವೃತ್ತಿಯಿಂದ, ಹಾಕಿದ ಮಸುಕನ್ನು ಆಮೇಲೆ ತೆರೆದು ಹೆಚ್ಚು ಕಡಿಮೆ ಮಾಡುವುದಕ್ಕೂ ಸಾಧ್ಯವಾಗಿದೆ. ಮೊದಲ ದಿನ ಕೈಗೆ ಒಗ್ಗಲಿಲ್ಲ, ಮೂರನೆಯ ದಿನ ಒಗ್ಗಿತು. ಅಜ್ಜಿಯ ಊರಿನ ಹೆಸರನ್ನು ಕನ್ನಡದಲ್ಲಿ ಬರೆದಾಗ ಒತ್ತಕ್ಷರಗಳು ಚದುರದೆ ತಮ್ಮ ಜಾಗದಲ್ಲಿಯೇ ನಿಂತದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಹೀಗಾಗಿ ಬಸ್ಸಿನಲ್ಲಿ ಕುಳಿತಾಗಿನ ಪ್ರಯೋಗಗಳಿಗೆ ಸ್ನ್ಯಾಪ್‌ಸೀಡನ್ನು ಉಳಿಸಿಕೊಂಡಿದ್ದೇನೆ. ಕೊಲಾಜನ್ನು ಕಟ್ಟಲು ನನ್ನ ಆಯ್ಕೆ ಫೋಟೊಪಿಯಾ. ಅಲ್ಲಿಂದ ಪದರಗಳನ್ನು ಹಾಗೆಯೇ ಉಳಿಸುವ ಪಿಎಸ್‌ಡಿ ಕಡತವನ್ನು ಗಿಂಪ್‌ಗೆ ಒಯ್ದು, ಇಂಚಿಗೆ 300 ಚುಕ್ಕೆಗಳಂತೆ ಎ4 ಹಾಳೆಗೆ ಬೇಕಾಗುವ 2480×3508 ಪಿಕ್ಸೆಲ್‌ಗಳಲ್ಲಿ ಹೆಸರು ಬರೆದು ಮುದ್ರಣಕ್ಕೆ ಸಿದ್ಧಪಡಿಸಿದೆ. ರಂಗೋಲಿಯ ಪದರವನ್ನು ಇನ್ನೂ ಬೇರೆಯಾಗಿಯೇ ಇಟ್ಟಿದ್ದೇನೆ. ಗೌರಿ ಹಬ್ಬದಂದು ಅಮ್ಮ ಹಾಕುವ ರಂಗೋಲಿಯನ್ನು ಆ ಜಾಗದಲ್ಲಿ ಕೂರಿಸಿ ನೋಡಬೇಕಾಗಿದೆ.