ವಾಸ್ಟ್‌ಡಿಬಿ: ಮನುಷ್ಯನ ಎಕ್ಸಾನ್ ಹುಡುಕಿಕೊಂಡು ಕೋಳಿವರೆಗೆ

ಪಿಎಚ್‌ಡಿ ಎರಡನೇ ವರ್ಷದಲ್ಲಿ ನಾನು ಒಂದಿಡೀ ವಾರ ಹಾಳು ಮಾಡಿಕೊಂಡೆ. ಎಕ್ಸಾನ್ ಅಂದರೆ ಜೀನಿನ ಒಂದು ತುಂಡು. ಜೀನಿನ ಆರ್‌ಎನ್‌ಎ ತಯಾರಾಗುವಾಗ ನಡುವಿನ ಇಂಟ್ರಾನ್‌ಗಳನ್ನು ಕತ್ತರಿಸಿ ಎಸೆದು ಎಕ್ಸಾನ್‌ಗಳನ್ನು ಜೋಡಿಸುತ್ತಾರಲ್ಲ, ಅದೇ ಸ್ಪ್ಲೈಸಿಂಗ್; ಆಗ ಕೆಲವು ಎಕ್ಸಾನ್ ಬಿಟ್ಟುಹೋಗುವುದೂ ಉಂಟು. ಮನುಷ್ಯನ ಎಕ್ಸಾನ್‌ಗಳ ಜಾಗಗಳನ್ನು ಲಿಫ್ಟ್‌ಓವರ್‌ಗೆ (ಒಂದು ಜೀನೋಮ್‌ನ ಜಾಗಕ್ಕೆ ಇನ್ನೊಂದರಲ್ಲಿ ಹೊಂದುವ ಜಾಗ ಹುಡುಕುವ ಸಾಫ್ಟ್‌ವೇರ್) ಕೊಟ್ಟು ಇಲಿಯ ಜೀನೋಮ್‌ಗೆ ದಾಟಿಸಿದೆ. ರಾಶಿ ಎಕ್ಸಾನ್ ಮಾಯ! ಇವು ಇಲಿಯಲ್ಲಿ ಇಲ್ಲವೇ ಇಲ್ಲ ಅಂತ ಸ್ಲೈಡ್ ಕೂಡ ಮಾಡಿಬಿಟ್ಟೆ. ಆಮೇಲೆ ನೋಡಿದರೆ ಹೊಂದಾಣಿಕೆಯ ಮಿತಿ, ಅಂದರೆ ಕನಿಷ್ಠ ಎಷ್ಟು ಪಾಲು ಹೊಂದಲೇಬೇಕು ಅನ್ನುವುದು, 0.95ರಲ್ಲೇ ಕೂತಿತ್ತು. ಬೇರೆ ಪ್ರಾಣಿಗೆ ದಾಟಿಸುವಾಗ ಅದನ್ನು 0.1ಕ್ಕೆ ಇಳಿಸಬೇಕು. ತಪ್ಪು ನನ್ನದೇ ಬಿಡಿ.

ಇಳಿಸಿದ ಮೇಲೂ ಸಿಗುವುದು ಬರೀ ಜಾಗ. ಅಲ್ಲಿನ ಎಕ್ಸಾನ್ ಆರ್‌ಎನ್‌ಎಗೆ ಸೇರುತ್ತದೋ, ಎಷ್ಟು ಸೇರುತ್ತದೋ, ಅದು ಬೇರೆ ಪ್ರಶ್ನೆ ಅಲ್ವಾ? ವಾಸ್ಟ್‌ಡಿಬಿ ನನಗೆ ಇಷ್ಟವಾಗಿದ್ದು ಇಲ್ಲೇ. ಯಾವ ಪ್ರಾಣಿಯ ಯಾವ ಅಂಗಾಂಶದಲ್ಲಿ ಯಾವ ಎಕ್ಸಾನ್ ಆರ್‌ಎನ್‌ಎಗೆ ಎಷ್ಟು ಸೇರುತ್ತದೆ ಅಂತ ತೋರಿಸುವ, 2017ರಲ್ಲಿ ಪ್ರಕಟವಾದ ಡೇಟಾಬೇಸ್ ಇದು. ದುಡ್ಡು ಕೊಡಬೇಕಿಲ್ಲ.

ಮೊದಲು ಹುಡುಕಿದ್ದು ಪಿಟಿಬಿಪಿ1 ಜೀನಿನ ಒಂಬತ್ತನೇ ಎಕ್ಸಾನ್. ಪುಟ ತೆರೆದರೆ ಒಂದೊಂದು ಅಂಗಾಂಶಕ್ಕೂ ಪಿಎಸ್‌ಐ (ಎಕ್ಸಾನ್ ಶೇಕಡಾ ಎಷ್ಟು ಸೇರಿದೆ ಅನ್ನುವ ಲೆಕ್ಕ) ಚುಕ್ಕಿಗಳು: 100 ಅಂದರೆ ಎಕ್ಸಾನ್ ಯಾವಾಗಲೂ ಒಳಗೆ, 0 ಅಂದರೆ ಯಾವಾಗಲೂ ಹೊರಗೆ. ಬೇರೆ ಪ್ರಾಣಿಗಳಲ್ಲಿ ಇದೇ ಎಕ್ಸಾನ್ ಇದ್ದರೆ ಅದರ ಕೊಂಡಿಯೂ ಅಲ್ಲೇ. ಈ ಎಕ್ಸಾನ್ ಕಥೆ ಸ್ವಲ್ಪ ಹೇಳಲೇಬೇಕು. ಸಸ್ತನಿಗಳು ಇದನ್ನು ಆಗಾಗ ಬಿಟ್ಟುಬಿಡುತ್ತವೆ, ಕೋಳಿ ಬಿಡುವುದಿಲ್ಲ. ಹೋಗುವುದು ಬರೀ 26 ಅಮೈನೊ ಆಮ್ಲ. ಆದರೆ ಪಿಟಿಬಿಪಿ1 ಬೇರೆ ಜೀನ್‌ಗಳ ಸ್ಪ್ಲೈಸಿಂಗ್ ಹಿಡಿದಿಡುವ ಪ್ರೋಟೀನು. ಎಕ್ಸಾನ್ ಬಿಟ್ಟರೆ ಅದರ ಹಿಡಿತ ಸಡಿಲ. 2015ರಲ್ಲಿ ಕೋಳಿ ಕೋಶಗಳಲ್ಲಿ ಬೇಕಂತಲೇ ಈ ಎಕ್ಸಾನ್ ಬಿಡಿಸಿ ನೋಡಿದರು. ಪಿಟಿಬಿಪಿ1 ಕೈಕೆಳಗಿನ ಎಷ್ಟೋ ಎಕ್ಸಾನ್‌ಗಳು ಸಸ್ತನಿಗಳ ದಾರಿ ಹಿಡಿದವು! ಲಿಫ್ಟ್‌ಓವರ್ ಒಂದನ್ನೇ ನಂಬಿದ್ದರೆ ಕೋಳಿಯಲ್ಲೂ ಎಕ್ಸಾನ್ ಇದೆ ಅಂತ ಟಿಕ್ ಹಾಕಿ ಮುಂದೆ ಹೋಗುತ್ತಿದ್ದೆ.

ಕೊರತೆ ಇಲ್ಲದಿಲ್ಲ. ನಿಮ್ಮ ಪ್ರಾಣಿ ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ ಸುಮ್ನೆ ನೋಡಿಕೊಂಡು ಕೂರಬೇಕು. ಆಗ ಎಕ್ಸ್‌ಆರ್ಥಿಸ್ಟ್ ಅನ್ನುವ ಸಾಫ್ಟ್‌ವೇರ್ ಕಡೆ ಹೋಗಿ. ಜೀನೋಮ್, ಜಿಟಿಎಫ್ ಫೈಲು (ಜೀನು, ಎಕ್ಸಾನು ಎಲ್ಲೆಲ್ಲಿವೆ ಅನ್ನುವ ವಿವರ), ಎರಡು ಪ್ರಾಣಿಗಳ ನಡುವೆ ಒಂದಕ್ಕೊಂದು ಜೋಡಿಯಾದ ಜೀನ್‌ಗಳ ಪಟ್ಟಿ ಕೊಟ್ಟರೆ ಇಂಟ್ರಾನ್ ಎಲ್ಲಿ ಕೂತಿದೆ ಅಂತಲೂ ಹೋಲಿಸಿ ಜೋಡಿ ಹುಡುಕುತ್ತದೆ. ಕೆಲಸ ಜಾಸ್ತಿ, ಲ್ಯಾಪ್‌ಟಾಪ್‌ನಲ್ಲಂತೂ ಓಡಿಸಲು ಹೋಗಬೇಡಿ.

ನನ್ನ ಗೈಡ್‌ಗೆ ಇಷ್ಟವಾಗಿದ್ದು ಬೇರೆ. ವಾಸ್ಟ್‌ಡಿಬಿ ಪುಟದಲ್ಲಿ ಪಿಸಿಆರ್ ಪ್ರೈಮರ್ (ಎಕ್ಸಾನ್ ಸೇರಿದೆಯೋ ಅಂತ ಲ್ಯಾಬಿನಲ್ಲೇ ಪರೀಕ್ಷಿಸಲು ಬೇಕಾದ ಡಿಎನ್‌ಎ ತುಣುಕು) ಸಲಹೆಯೂ ಇರುತ್ತದೆ. ಕಂಪ್ಯೂಟರ್ ಹೇಳಿದ್ದನ್ನು ಅವರು ಯಾವತ್ತೂ ಪೂರ್ತಿ ನಂಬಿದವರಲ್ಲ. ಪಿಸಿಆರ್ ಮಾಡಿ ಜೆಲ್‌ನಲ್ಲಿ ಓಡಿಸಿದಾಗ ಇಲಿಗೆ ಎರಡು ಗೆರೆ (ಎಕ್ಸಾನ್ ಇದ್ದದ್ದು, ಬಿಟ್ಟದ್ದು), ಕೋಳಿಗೆ ಒಂದೇ ಗೆರೆ ಬಂದಾಗ ಮಾತ್ರ ಹಳೇ ಸ್ಲೈಡ್ ಅಳಿಸಲು ಹೇಳಿದರು.