ನಗರ ಯೋಜನೆ ಸರ್ಟಿಫಿಕೇಟ್ ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ದಯವಿಟ್ಟು ಇದನ್ನ ಓದಿ

ಎರಡು ವಾರದಿಂದ ಬರೀಲಾ ಬೇಡ್ವಾ ಅಂತ ಒದ್ದಾಡ್ತಿದ್ದೆ. ಇಂಜಿನಿಯರಿಂಗ್ ಓದಿದ ಹುಡುಗಿ ಹಿಂಗೆ ಮೋಸ ಹೋದ್ಲಾ ಅಂತ ಜನ ಕೇಳ್ತಾರಲ್ಲ, ಆ ನಾಚಿಕೆ. ನಿನ್ನೆ ಅದೇ ಸಂಸ್ಥೆಯ ಹೊಸ ಬ್ಯಾಚ್ ಜಾಹೀರಾತು ನನ್ನ ಫೋನಿಗೇ ಬಂತು. ಫೀಸು ಇನ್ನೂ ಏರಿಸಿದ್ದಾರೆ. ಇನ್ನು ಸುಮ್ಮನಿರೋಕೆ ಆಗಲ್ಲ. ದೂರು ಕೊಟ್ಟಿದ್ದೀನಿ, ಅದು ಮುಗಿಯೋವರೆಗೂ ಸಂಸ್ಥೆ ಹೆಸರು ಹಾಕಲ್ಲ. ಓದಿದ್ರೆ ಅವರ ವರಸೆ ನಿಮಗೇ ಗೊತ್ತಾಗುತ್ತೆ.

ನನ್ನದು ದಾವಣಗೆರೆ. ಸಿವಿಲ್ ಬಿಇ ಮುಗಿಸಿ ನಾಲ್ಕು ವರ್ಷದಿಂದ ಕಂಟ್ರಾಕ್ಟರ್ ಒಬ್ಬರ ಆಫೀಸಲ್ಲಿ ರಸ್ತೆ, ಚರಂಡಿ ಎಸ್ಟಿಮೇಟ್ ಮಾಡ್ತೀನಿ. ನಾವು ಫುಟ್‌ಪಾತ್ ಅಂತ ಎಸ್ಟಿಮೇಟಲ್ಲಿ ಬರೆಯೋದು ಚರಂಡಿ ಮೇಲೆ ಮುಚ್ಚೋ ಚಪ್ಪಡಿನ. ಅದರ ಮೇಲೆ ವಯಸ್ಸಾದವರು ಹೆಂಗೆ ನಡೀತಾರೆ ಅಂತ ಯಾರೂ ಕೇಳಲ್ಲ, ನಾನೂ ಕೇಳಿರಲಿಲ್ಲ. ನಮ್ಮಜ್ಜಿ ಅಂಥದ್ದೇ ಒಂದು ಚಪ್ಪಡಿ ಸಂದಿಗೆ ಕಾಲು ಸಿಕ್ಕಿಸಿಕೊಂಡು ಸೊಂಟ ಮುರ್ಕೊಂಡ್ರು. ಆಮೇಲೆ ಈ ವಿಷಯ ಸರಿಯಾಗಿ ಕಲೀಬೇಕು ಅನ್ನಿಸ್ತು.

ಬೆಂಗಳೂರಿನ ಸಂಸ್ಥೆ. ಆರು ತಿಂಗಳು, ಶನಿವಾರ ಭಾನುವಾರ ಕ್ಲಾಸು. ನಗರ ಯೋಜನೆ, ವಸತಿ, ಬೀದಿ ವಿನ್ಯಾಸ, ಕೊನೆಗೆ ‘ಲೈವ್ ಪ್ರಾಜೆಕ್ಟ್’. ಫೀಸು 62,000. ನಮ್ಮಮ್ಮ ಚೀಟಿ ಕೂಗಿ, ನಷ್ಟಕ್ಕೆ ಎತ್ತಿ ಕೊಟ್ಟ ದುಡ್ಡು ಅದು.

ಸೇರೋ ಮುಂಚೆ ಫೋನಲ್ಲಿ ನೇರವಾಗಿ ಕೇಳಿದ್ದೆ. “ಇದು ಮಾಡಿದ್ರೆ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್ ಇಂಡಿಯಾದಲ್ಲಿ ಅಸೋಸಿಯೇಟ್ ಮೆಂಬರ್ ಆಗಬಹುದಾ?” ಇದು ದೇಶದ ನಗರ ಯೋಜಕರ ವೃತ್ತಿಸಂಸ್ಥೆ, ಚಿಕ್ಕದಾಗಿ ಐಟಿಪಿಐ ಅಂತಾರೆ. ಆ ಕಡೆಯ ಹುಡುಗ ಹೇಳಿದ್ದು ಇಷ್ಟು: “ಮೇಡಂ, ನಮ್ಮ ಸಿಲಬಸ್ಸೇ ಐಟಿಪಿಐ ಪ್ರಕಾರ ಇದೆ, ನೀವೇನೂ ಯೋಚನೆ ಮಾಡಬೇಡಿ.” ಈ ಮಾತನ್ನ ಎಷ್ಟು ಸಲ ನೆನಪಿಸಿಕೊಂಡಿದ್ದೀನೋ. ಹೌದು ಅಂತ ಅವನು ಹೇಳಲೇ ಇಲ್ಲ. ನಾನು ಹೌದು ಅಂತ ಕೇಳಿಸ್ಕೊಂಡೆ.

ಮೊದಲ ಐದು ವಾರ ಚೆನ್ನಾಗಿತ್ತು, ಅದನ್ನೂ ಹೇಳ್ಬೇಕು. ವಯಸ್ಸಾದ ಮೇಷ್ಟ್ರು ಒಬ್ರು ಬರ್ತಿದ್ರು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗೆ ಕರ್ಕೊಂಡು ಹೋಗಿ, ಟೆಂಡರ್‌ಶ್ಯೂರ್ ಅನ್ನೋ ರಸ್ತೆ ಮರುವಿನ್ಯಾಸ ಯೋಜನೆಯಲ್ಲಿ ನೀರು, ಕರೆಂಟು, ಕೇಬಲ್ ಎಲ್ಲ ನೆಲದಡಿ ಹೆಂಗೆ ಕೂಡಿಸಿದ್ದಾರೆ, ರಸ್ತೆ ಮತ್ತೆ ಮತ್ತೆ ಅಗೀಬಾರದು ಅಂತ ಯಾಕೆ ಹಾಗೆ ಮಾಡಿದ್ರು ಅಂತ ನಿಂತಲ್ಲೇ ವಿವರಿಸಿದ್ರು. ಪಾದಚಾರಿಗಳ ಸೌಲಭ್ಯಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರೋ ಮಾರ್ಗಸೂಚಿ ಐಆರ್‌ಸಿ 103 ಪ್ರಕಾರ ನಡೆಯೋಕೆ ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಇರಬೇಕು, ಕರ್ಬ್ ಅಂದ್ರೆ ಫುಟ್‌ಪಾತ್ ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು, ಇಳಿಜಾರು 1:12. ಅಂಧರ ಹಾದಿಯ ಹಳದಿ ಟೈಲ್ಸಲ್ಲಿ ಉದ್ದ ಗೆರೆ ಅಂದ್ರೆ ಮುಂದೆ ನಡಿ, ಚುಕ್ಕಿ ಅಂದ್ರೆ ಹುಷಾರು. ಇವೆಲ್ಲ ನನಗೆ ಗೊತ್ತಾಗಿದ್ದು ಅವರಿಂದ. ಆರನೇ ವಾರದಿಂದ ಅವರು ಬರಲಿಲ್ಲ. ಅವರಿಗೂ ದುಡ್ಡು ಕೊಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ವಸತಿ ವಿಷಯ ಬರೀ ನಾಲ್ಕು ಕ್ಲಾಸಲ್ಲಿ ಮುಗೀತು. ಸ್ಟಡಿ ಮೆಟೀರಿಯಲ್ ಅಂತ 1,800 ಬೇರೆ ತಗೊಂಡ್ರು. ಬಿಚ್ಚಿ ನೋಡಿದ್ರೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮಾರ್ಗಸೂಚಿ ಮತ್ತು ನಗರ ಯೋಜನೆಗೆ ಕೇಂದ್ರ ಸರ್ಕಾರ ಮಾಡಿರೋ ಯುಆರ್‌ಡಿಪಿಎಫ್‌ಐ ಮಾರ್ಗಸೂಚಿ ಪುಸ್ತಕದ ಕೆಲವು ಅಧ್ಯಾಯ, ಜೆರಾಕ್ಸ್. ಎರಡೂ ಸರ್ಕಾರದ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿಗೇ ಎಚ್ಚೆತ್ಕೋಬೇಕಿತ್ತು.

ಆಮೇಲೆ ಲೈವ್ ಪ್ರಾಜೆಕ್ಟ್. ಮಲ್ಲೇಶ್ವರದ ಒಂದು ಕ್ರಾಸು. ಏಳು ವಾರ ನಾವು ಹನ್ನೆರಡು ಜನ ಟೇಪ್ ಹಿಡ್ಕೊಂಡು ಅಳತೆ ಮಾಡಿದ್ವಿ. ಶುಕ್ರವಾರ ರಾತ್ರಿ ಬಸ್ ಹತ್ತಿ, ಬೆಳಗಿನ ಜಾವ ಇಳಿದು, ಏಳು ಗಂಟೆಗೆ ಅಲ್ಲಿರ್ತಿದ್ದೆ. ಟ್ರಾನ್ಸ್‌ಫಾರ್ಮರ್‌ಗೂ ಕಾಂಪೌಂಡಿಗೂ ನಡುವೆ ಉಳಿದಿದ್ದು 85 ಸೆಂಟಿಮೀಟರ್. ಮುಂದೆ ಒಂದು ಹೊಂಗೆ ಮರ, ಬೇರು ಚಪ್ಪಡಿಯನ್ನ ಗೇಣುದ್ದ ಎತ್ತಿತ್ತು. ಅದರ ಬುಡದಲ್ಲಿ ಬೆಳಿಗ್ಗೆ ಒಬ್ಬ ಅಜ್ಜಿ ಹೂವಿನ ಬುಟ್ಟಿ ಇಟ್ಕೊಂಡು ಕೂರ್ತಿದ್ರು. ನಾನು ಡ್ರಾಯಿಂಗಲ್ಲಿ ಮರದ ಪಕ್ಕ ಒಂದು ಚೌಕ ಹಾಕಿ ‘ಹೂವಿನ ಅಜ್ಜಿ ಜಾಗ, ತೆಗೀಬಾರದು’ ಅಂತ ಕನ್ನಡದಲ್ಲಿ ಬರೆದಿದ್ದೆ. ಡ್ರಾಯಿಂಗ್ ಕೊಟ್ವಿ. “ಎಕ್ಸಲೆಂಟ್” ಅಂದ್ರು. ಅಷ್ಟೇ.

ಸರ್ಟಿಫಿಕೇಟ್ ಬಂದಾಗ ಅದರಲ್ಲಿ ‘ಭಾಗವಹಿಸಿದ್ದಾರೆ’ ಅಂತಿತ್ತು. ಉತ್ತೀರ್ಣ ಅಂತಲ್ಲ, ಭಾಗವಹಿಸಿದ್ದಾರೆ.

ಅದಾಗಿ ಎರಡು ತಿಂಗಳಿಗೆ ನಮ್ಮ ಆಫೀಸಿನ ಸರ್‌ಗೆ ಒಂದು ಪಿಡಿಎಫ್ ಬಂತು. ಒಂದು ಪುರಸಭೆಗೆ ರಸ್ತೆ ವಿನ್ಯಾಸ ಮಾಡಿಕೊಡ್ತೀವಿ ಅಂತ ಯಾವುದೋ ಕನ್ಸಲ್ಟೆನ್ಸಿಯವರು ತೋರಿಸಿದ ತಮ್ಮ ‘ಹಿಂದಿನ ಕೆಲಸ’. ಸರ್ ನನ್ನ ಕರೆದು, “ನೋಡಮ್ಮ, ಬೆಂಗಳೂರಿನವರು ಎಷ್ಟು ನೀಟಾಗಿ ಮಾಡ್ತಾರೆ” ಅಂದ್ರು. ಪುಟ ಹನ್ನೊಂದು. ಹೊಂಗೆ ಮರ. ಚೌಕ. ‘ಹೂವಿನ ಅಜ್ಜಿ ಜಾಗ, ತೆಗೀಬಾರದು’. ಅಕ್ಷರ ಕೂಡ ಅಳಿಸಿರಲಿಲ್ಲ. ಕೆಳಗೆ ಕನ್ಸಲ್ಟೆನ್ಸಿ ಹೆಸರು. ಆ ಹೆಸರು ಎಲ್ಲೋ ನೋಡಿದ್ದೀನಲ್ಲ ಅಂತ ಮನೆಗೆ ಬಂದು ಫೀಸಿನ ರಶೀದಿ ತೆಗೆದೆ. ರಶೀದಿ ಮೇಲಿದ್ದ ಹೆಸರೂ ಅದೇ. ಸಂಸ್ಥೆ ಹೆಸರು ರಶೀದಿಯಲ್ಲಿ ಎಲ್ಲೂ ಇಲ್ಲ!

ಅವತ್ತು ಸರ್ ಮುಂದೆ ಇದು ನಂದು ಅನ್ನೋಕೂ ಬಾಯಿ ಬರಲಿಲ್ಲ. ಕೈ ನಡುಗ್ತಿತ್ತು. ನಾವೇ 62,000 ಕೊಟ್ಟು ಅವರಿಗೆ ಏಳು ವಾರ ಕೂಲಿ ಮಾಡಿದ್ವಿ.

ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್ ಮಾಡಿದೆ. ಬಂದ ಉತ್ತರ: “ಮೇಡಂ, ಅಡ್ಮಿಷನ್ ಫಾರ್ಮಲ್ಲಿ ಪ್ರಾಜೆಕ್ಟ್ ಔಟ್‌ಪುಟ್ ಸಂಸ್ಥೆಗೆ ಸೇರಿದ್ದು ಅಂತ ಇದೆ, ನೀವು ಸೈನ್ ಮಾಡಿದ್ದೀರಿ.” ಐಟಿಪಿಐ ಬಗ್ಗೆ ಕೇಳಿದ್ದಕ್ಕೆ: “ಮಾನ್ಯತೆ ಇದೆ ಅಂತ ನಾವು ಎಲ್ಲೂ ಹೇಳಿಲ್ಲ, ಸಿಲಬಸ್ ಪ್ರಕಾರ ಅಂದಿದ್ದು.” ಫೀಸು ವಾಪಸ್ ಕೇಳಿದ್ದಕ್ಕೆ: “ನಿಮ್ಮ ಜೊತೆಯವರು ಯಾರೂ ಕಂಪ್ಲೇಂಟ್ ಮಾಡಿಲ್ಲ. ಕಲಿಯೋ ಮನಸ್ಸಿರೋರಿಗೆ ಎಲ್ಲಾ ಕಡೆ ಕಲಿಕೆ ಇರುತ್ತೆ.” ಈ ಕೊನೇ ಮಾತು ಓದಿ ಅತ್ತುಬಿಟ್ಟೆ. ಕಲಿಯೋ ಮನಸ್ಸು ಇಲ್ದೇನಾ ವಾರವಾರ ಬಸ್ಸಲ್ಲಿ ಕೂತು ಬರ್ತಿದ್ದೆ? ಆಮೇಲೆ ಬ್ಲಾಕ್ ಮಾಡಿದ್ರು.

ನಾನು ಮೊದಲೇ ತಿಳ್ಕೋಬೇಕಿದ್ದ ವಿಷಯ ಇದು. ಪ್ಲಾನರ್ ಆಗೋಕೆ ಪ್ಲಾನಿಂಗ್‌ನಲ್ಲೇ ಡಿಗ್ರಿ (ಬಿ.ಪ್ಲಾನ್) ಅಥವಾ ಎರಡು ವರ್ಷದ ಸ್ನಾತಕೋತ್ತರ ಪದವಿ (ಎಂ.ಪ್ಲಾನ್) ಬೇಕು, ಇಲ್ಲಾ ಐಟಿಪಿಐನವರೇ ನಡೆಸೋ ಅಸೋಸಿಯೇಟ್‌ಶಿಪ್ ಪರೀಕ್ಷೆ ದಾರಿ. ಎಂ.ಪ್ಲಾನ್ ಸೇರೋಕೆ ಬರೆಯೋ ಗೇಟ್ ಪರೀಕ್ಷೆಯಲ್ಲಿ ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಅಂತ ಬೇರೆ ಪೇಪರೇ ಇದೆ. ಯಾವ ಕೋರ್ಸಿಗೆ ಮಾನ್ಯತೆ ಇದೆ ಅಂತ ಐಟಿಪಿಐಗೇ ಮೇಲ್ ಮಾಡಿ ಕೇಳಿ, ಸಂಸ್ಥೆಯವರ ಬಾಯಿಂದ ಕೇಳಬೇಡಿ. ಬರೀ ತಿಳುವಳಿಕೆ ಸಾಕು ಅನ್ನೋರಿಗೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರ ಪಾಠ ದುಡ್ಡಿಲ್ಲದೇ ಇದೆ. ರಶೀದಿ ಮೇಲೆ ಯಾರ ಹೆಸರಿದೆ ನೋಡಿ. ಡ್ರಾಯಿಂಗ್ ಕೊಡೋ ಮುಂಚೆ ಅದರ ಮೇಲೆ ನಿಮ್ಮ ಹೆಸರು, ತಾರೀಖು ಹಾಕಿ. ನಾನು ಹಾಕಿರಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ನಂಬರ್ ಸಿಕ್ಕಿದೆ, ಉತ್ತರ ಇನ್ನೂ ಬಂದಿಲ್ಲ. ಅಮ್ಮನಿಗೆ ಇನ್ನೂ ಪೂರ್ತಿ ಹೇಳಿಲ್ಲ, ಕೋರ್ಸ್ ಮುಗೀತು ಅಂತಷ್ಟೇ ಹೇಳಿದ್ದೀನಿ. ಆ ಹನ್ನೆರಡು ಜನರಲ್ಲಿ ಯಾರಾದ್ರೂ ಇದನ್ನ ಓದ್ತಿದ್ರೆ ನಿಮ್ಮ ರಶೀದಿ, ಅಳತೆ ಮಾಡುವಾಗ ತೆಗೆದ ಫೋಟೋ ಯಾವುದನ್ನೂ ಅಳಿಸಬೇಡಿ. ಹೊಂಗೆ ಮರದ ಹತ್ರ ಟೇಪ್ ಹಿಡ್ಕೊಂಡು ನಿಂತಿದ್ದ ನನ್ನ ಫೋಟೋ ಒಂದು ನಿಮ್ಮಲ್ಲಿ ಯಾರದೋ ಫೋನಲ್ಲಿ ಇದೆ, ಅದು ನನಗೆ ಬೇಕು.